ಎರಡನೇ ಬೇಸ್‌ಮೆಂಟಿನ ದನಿ: ಒಂದು ಹ್ಯಾಮ್ ಪ್ರಾಜೆಕ್ಟಿನ ದಿನಚರಿ

ಆಗಸ್ಟ್ 3

ಈ ಪ್ರಾಜೆಕ್ಟ್ ಶುರುವಾದದ್ದು ಒಂದು ನಗೆಪಾಟಲಿನಿಂದ. ಜುಲೈನಲ್ಲಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಂಕಿ ಅನಾಹುತದ ಮಾಕ್ ಡ್ರಿಲ್ ಇತ್ತು. ಸೈರನ್ ಕೂಗಿತು. ಎಲ್ಲರೂ ಮೆಟ್ಟಿಲಿಳಿದು ಗೇಟಿನ ಹತ್ತಿರ ಸೇರಿದೆವು. ತಲೆ ಎಣಿಕೆ ಆಯಿತು, ಸೆಕ್ರೆಟರಿ ಭಾಷಣವೂ ಆಯಿತು. ಕಾಫಿ ಕುಡಿಯುವಾಗ ಯಾರಿಗೋ ನೆನಪಾಯಿತು: ಎರಡನೇ ಬೇಸ್‌ಮೆಂಟಿನಲ್ಲಿ ಒಬ್ಬ ಸೆಕ್ಯುರಿಟಿ ಅಣ್ಣನನ್ನು ನಿಲ್ಲಿಸಿದ್ದೆವಲ್ಲ, ಅವನೆಲ್ಲಿ? ವಾಕಿ-ಟಾಕಿಯಲ್ಲಿ ಹತ್ತು ಸಲ ಕರೆದರೂ ಉತ್ತರ ಇಲ್ಲ. ಕೊನೆಗೆ ಒಬ್ಬ ಹುಡುಗ ಓಡಿಹೋಗಿ ಕರೆದುಕೊಂಡು ಬಂದ. "ನಾವು ಹೇಳೋವರೆಗೂ ಜಾಗ ಬಿಡಬೇಡ ಅಂದಿದ್ರಲ್ಲ ಸರ್" ಅಂದ ಪಾಪ. ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದನಂತೆ.

ಎಲ್ಲರೂ ನಕ್ಕರು. ನನ್ನ ತಲೆಗೆ ಮಾತ್ರ ಹುಳ ಹೊಕ್ಕಿತು. ಗೇಟಿನಿಂದ ಅವನು ನಿಂತಿದ್ದ ಜಾಗಕ್ಕೆ ನೇರ ಗೆರೆ ಎಳೆದರೆ 40 ಮೀಟರ್ ಇರಬಹುದು, ಅಷ್ಟೇ. ನಾನು ನಂದಿ ಬೆಟ್ಟದ ಮೇಲೆ ನಿಂತು, 5 ವ್ಯಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ ಸೆಟ್) ಹಿಡಿದು, ಬೆಂಗಳೂರಿನ ಹ್ಯಾಮ್ ಗೆಳೆಯರ (ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವರು) ಜೊತೆ ಆರಾಮಾಗಿ ಹರಟೆ ಹೊಡೆದಿದ್ದೇನೆ. ಅಲ್ಲಿಂದ ಇಲ್ಲಿಗೆ ಹತ್ತಿರ ಹತ್ತಿರ 50 ಕಿಲೋಮೀಟರ್. ಬೆಟ್ಟದಿಂದ ಊರಿಗೆ ಬರುವ ದನಿ ಗೇಟಿನಿಂದ ಬೇಸ್‌ಮೆಂಟಿಗೆ ಇಳಿಯುವುದಿಲ್ಲ ಅಂದರೆ ಅದು ಎಲ್ಲಿ ಸಾಯುತ್ತಿದೆ? ಅದನ್ನು ಹೆಜ್ಜೆ ಹೆಜ್ಜೆಗೂ ಅಳೆದು ನೋಡಬೇಕು ಅನ್ನಿಸಿತು.

ಬೆಂಕಿ ಆರಿಸಲು ಒಳಗೆ ಹೋದವರಿಗೂ ಹೊರಗೆ ಗಾಡಿಯ ಪಕ್ಕ ನಿಂತ ಆಫೀಸರಿಗೂ ನಡುವೆ ಇರುವುದು ಇದೇ 40 ಮೀಟರ್. ಹಾಗಾಗಿ ಸುಮ್ನೆ ಕುತೂಹಲಕ್ಕೆ ಮಾಡುವ ಅಳತೆಗೂ ಒಂದು ಅರ್ಥ ಇದೆ ಅಂದುಕೊಂಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪೊಲೀಸರ, ಅಗ್ನಿಶಾಮಕದವರ ಚಾನೆಲ್ಲುಗಳ ತಂಟೆಗೆ ನಾನು ಹೋಗುವುದಿಲ್ಲ. ಅದು ಕಾನೂನಿಗೂ ವಿರುದ್ಧ, ಮರ್ಯಾದೆಗೂ ವಿರುದ್ಧ. ನನಗೂ ಈ ಕೆಲಸಕ್ಕೆ ಜೊತೆಯಾದ ಗೆಳೆಯನಿಗೂ ಹ್ಯಾಮ್ ಲೈಸೆನ್ಸ್ ಇದೆ. ನಮಗೆ ಸಿಕ್ಕಿರುವ 144ರಿಂದ 146 ಮತ್ತು 434ರಿಂದ 438 ಮೆಗಾಹರ್ಟ್ಸ್ ಒಳಗೇ ಎಲ್ಲ ಪರೀಕ್ಷೆ. ಪ್ರಪಂಚದ ಬಹಳಷ್ಟು ತುರ್ತು ಸೇವೆಗಳ ಸೆಟ್ಟುಗಳು ಈ ಎರಡರ ಆಸುಪಾಸಿನ ಬ್ಯಾಂಡುಗಳಲ್ಲೇ ಮಾತಾಡುತ್ತವೆ. ಹಾಗಾಗಿ ಇಲ್ಲಿ ಕಂಡದ್ದು ಅಲ್ಲಿಗೂ ಸುಮಾರಾಗಿ ಹೊಂದುತ್ತದೆ.

ಸಾಮಾನು: ಈ ಎರಡೂ ಬ್ಯಾಂಡಿನಲ್ಲಿ ಮಾತಾಡುವ ಒಂದು ಹಳೇ ಡ್ಯುಯಲ್ ಬ್ಯಾಂಡ್ ಹ್ಯಾಂಡಿ, ಅದರ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಲು ಪುಟ್ಟ ಕಂಟ್ರೋಲರ್ ಬೋರ್ಡು, ಎರಡನ್ನೂ ತುಂಬಲು ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ. ಇದೇ ನಮ್ಮ ಬೀಕನ್: ಹತ್ತು ಸೆಕೆಂಡಿಗೊಮ್ಮೆ ಎರಡು ಸೆಕೆಂಡ್ ಟೋನ್ ಕಳಿಸುತ್ತದೆ, ಆಗಾಗ ಮೋರ್ಸಿನಲ್ಲಿ ನನ್ನ ಕಾಲ್‌ಸೈನ್ (ಲೈಸೆನ್ಸಿನ ಗುರುತಿನ ಹೆಸರು) ಹೇಳುತ್ತದೆ. ಈ ಕಡೆ ಲ್ಯಾಪ್‌ಟಾಪಿಗೆ ಚುಚ್ಚಿದ ಎಸ್‌ಡಿಆರ್ ಡಾಂಗಲ್, ಅಂದರೆ ಲ್ಯಾಪ್‌ಟಾಪನ್ನೇ ರೇಡಿಯೋ ರಿಸೀವರ್ ಮಾಡುವ ಪುಟ್ಟ ಸಾಧನ. ಕನೆಕ್ಟರುಗಳಿಗಾಗಿ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಅರ್ಧ ದಿನ ಹೋಯಿತು. ಅಲ್ಲಿ ಅರ್ಧ ದಿನ ಹೋಗದೆ ಯಾವ ಪ್ರಾಜೆಕ್ಟೂ ಶುರುವಾಗುವುದಿಲ್ಲ, ಬಿಡಿ.

ಆಗಸ್ಟ್ 24

ಮೂರು ವಾರದ ಅಳತೆ ಕಸದ ಬುಟ್ಟಿಗೆ.

ಗೇಟಿನಲ್ಲೂ ಅಷ್ಟೇ ಸಿಗ್ನಲ್, ಲಾಬಿಯಲ್ಲೂ ಅಷ್ಟೇ, ಎರಡನೇ ಮಹಡಿಯಲ್ಲೂ ಅಷ್ಟೇ. ಗೋಡೆಗಳೇ ಇಲ್ಲದ ಕಟ್ಟಡದಲ್ಲಿ ಓಡಾಡಿದ ಹಾಗೆ ಗ್ರಾಫು ಚಪ್ಪಟೆ. ಮೊದಲ ವಾರ ಖುಷಿಯಾಯಿತು, ಎರಡನೇ ವಾರ ಅನುಮಾನ, ಮೂರನೇ ವಾರ ಹಣೆ ಚಚ್ಚಿಕೊಂಡೆ. ಡಾಂಗಲ್ಲಿನಲ್ಲಿ ಗೇನ್ ತಾನೇ ಏರಿಳಿಯುವ ಎಜಿಸಿ ಆನ್ ಆಗಿತ್ತು. ಸಿಗ್ನಲ್ ಇಳಿದ ಹಾಗೆಲ್ಲ ಅದು ವಾಲ್ಯೂಮ್ ಏರಿಸುತ್ತಿತ್ತು. ತೂಕ ಹಾಕುವಾಗ ತಕ್ಕಡಿಗೆ ಬೆರಳು ಒತ್ತಿದ ಹಾಗೆ.

ಈಗ ಗೇನ್ ಒಂದೇ ಕಡೆ ಕಟ್ಟಿಹಾಕಿದ್ದೇನೆ. ತೀರಾ ಹತ್ತಿರದಲ್ಲಿ ಡಾಂಗಲ್ ತಡೆಯುವುದಿಲ್ಲ, ಅದಕ್ಕೆ ಮಧ್ಯೆ ಸಿಗ್ನಲ್ ತಗ್ಗಿಸುವ ಅಟೆನ್ಯುಯೇಟರ್ ಹಾಕಿ ಆಮೇಲೆ ಲೆಕ್ಕದಲ್ಲಿ ಕೂಡಿಸಿಕೊಳ್ಳುತ್ತೇನೆ. ಡಾಂಗಲ್ ಕ್ಯಾಲಿಬ್ರೇಟ್ ಆದದ್ದಲ್ಲ. ಹಾಗಾಗಿ ಇಲ್ಲಿ ಬರೆಯುವುದೆಲ್ಲ "ಅಲ್ಲಿಗಿಂತ ಇಲ್ಲಿ ಎಷ್ಟು ಕಡಿಮೆ" ಅನ್ನುವ ಲೆಕ್ಕ, ಡೆಸಿಬೆಲ್‌ನಲ್ಲಿ. ಹೊಸಬರಿಗೆ ಒಂದು ಸುಲಭದ ಗುರುತು: 3 ಡಿಬಿ ಇಳಿದರೆ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು, 20 ಇಳಿದರೆ ನೂರರಲ್ಲಿ ಒಂದು ಪಾಲು. 60 ಇಳಿದರೆ ಹತ್ತು ಲಕ್ಷದಲ್ಲಿ ಒಂದು. ಕೇಳಲು ಭಯಂಕರ, ಆದರೆ ಒಳ್ಳೇ ರಿಸೀವರಿಗೆ ಅಷ್ಟೂ ಸಾಕಾಗುತ್ತದೆ.

ಸೆಪ್ಟೆಂಬರ್ 14

ಮತ್ತೆ ಕಟ್ಟಡದ ಒಳಗೆ ಹೋಗುವ ಮೊದಲು ಬೀದಿ ನೋಡೋಣ ಅಂತ ಬೆಳಗ್ಗೆ ಆರಕ್ಕೇ ಮಲ್ಲೇಶ್ವರಕ್ಕೆ ಹೋದೆವು. ಬೇಕಂತಲೇ ಆ ಜಾಗ. ಸಂಪಿಗೆ ರಸ್ತೆ ಉದ್ದಕ್ಕೆ ನೇರ, ಅದಕ್ಕೆ ಅಡ್ಡಡ್ಡ ಕ್ರಾಸುಗಳು. ಬೀಕನ್ ಡಬ್ಬಿಯನ್ನು ರಸ್ತೆ ಪಕ್ಕ ಸ್ಟ್ಯಾಂಡಿನ ಮೇಲೆ ಆಳೆತ್ತರಕ್ಕೆ ಇಟ್ಟೆವು. ಗೆಳೆಯ ಕಾವಲಿಗೆ ನಿಂತ. ನಾನು ಲ್ಯಾಪ್‌ಟಾಪ್ ಎದೆಗೆ ಕಟ್ಟಿಕೊಂಡು ನಡೆದೆ. ವಾಕಿಂಗಿಗೆ ಬಂದ ಒಬ್ಬರು ನಿಂತು, "ಏನ್ ಸರ್, ರಸ್ತೆ ಅಗಲ ಮಾಡ್ತಾರಾ?" ಅಂತ ಗಾಬರಿಯಿಂದ ಕೇಳಿದರು. ರೇಡಿಯೋ ಅಂದ ಮೇಲೆ ಸಮಾಧಾನವಾಗಿ ಹೋದರು.

ನೇರ ರಸ್ತೆಯಲ್ಲಿ 400 ಮೀಟರ್ ನಡೆದರೂ ಸಿಗ್ನಲ್ ಅಷ್ಟಾಗಿ ಬೀಳಲಿಲ್ಲ. ಎರಡೂ ಕಡೆಯ ಅಂಗಡಿ ಗೋಡೆಗಳು ಅದನ್ನು ಕಾಲುವೆಯಲ್ಲಿ ನೀರು ಹರಿಸಿದ ಹಾಗೆ ಮುಂದೆ ಕಳಿಸುತ್ತವೆ. ಆಮೇಲೆ ಒಂದು ಕ್ರಾಸಿಗೆ ತಿರುಗಿದೆ. ಹದಿನೈದು ಹೆಜ್ಜೆ. 435 ಮೆಗಾಹರ್ಟ್ಸ್ 18 ಡಿಬಿ ಕೆಳಗೆ ಬಿತ್ತು. ವಾಪಸ್ ಬಂದು 145ರಲ್ಲಿ ಅದೇ ಹದಿನೈದು ಹೆಜ್ಜೆ ಹಾಕಿದರೆ 11 ಡಿಬಿ. ನಾಲ್ಕು ನೂರು ಮೀಟರ್ ಮಾಡದ ನಷ್ಟವನ್ನು ಒಂದು ಮೂಲೆ ಮಾಡಿತು.

145ರ ಅಲೆ 2 ಮೀಟರಿಗಿಂತ ಚೂರು ಜಾಸ್ತಿ ಉದ್ದ. 435ರದ್ದು 69 ಸೆಂಟಿಮೀಟರ್. ಅಲೆ ಉದ್ದವಾದಷ್ಟೂ ಮೂಲೆಯಲ್ಲಿ, ತಾರಸಿಯ ಅಂಚಿನಲ್ಲಿ ಬಾಗಿ ನೆರಳಿನೊಳಗೆ ಇಳಿಯುತ್ತದೆ. ಇದು ಪುಸ್ತಕದಲ್ಲಿ ಇದ್ದದ್ದೇ. ಆದರೆ ಕಾಲಿನಲ್ಲಿ ನಡೆದು ಕಂಡಾಗ ಬೇರೆಯೇ ಖುಷಿ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವರು ಜಪಾನಿನ ಯೋಶಿಹಿಸಾ ಒಕುಮುರಾ ಮತ್ತು ಅವರ ಜೊತೆಯವರು. 1960ರ ದಶಕದಲ್ಲಿ ಟೋಕಿಯೋ ಸುತ್ತ ಗಾಡಿಯಲ್ಲಿ ಓಡಾಡಿ, ಬೇರೆ ಬೇರೆ ಫ್ರೀಕ್ವೆನ್ಸಿ, ಬೇರೆ ಬೇರೆ ಆಂಟೆನಾ ಎತ್ತರಗಳಲ್ಲಿ ಅಳೆದು, 1968ರಲ್ಲಿ ಗ್ರಾಫುಗಳ ದೊಡ್ಡ ಕಟ್ಟೇ ಪ್ರಕಟಿಸಿದರು. 1980ರಲ್ಲಿ ಮಸಾಹರು ಹಾತಾ ಆ ಗ್ರಾಫುಗಳನ್ನು ಒಂದು ಸೂತ್ರಕ್ಕೆ ಇಳಿಸಿದರು. ಆ ಸೂತ್ರದಲ್ಲಿ 30 ಮೀಟರ್ ಎತ್ತರದ ಆಂಟೆನಾ ಹಾಕಿ ನೋಡಿದೆ. ಏನೂ ಅಡ್ಡ ಇಲ್ಲದ ಖಾಲಿ ಜಾಗದಲ್ಲಾದರೆ ದೂರ ಎರಡು ಪಟ್ಟಾದಾಗ 6 ಡಿಬಿ ನಷ್ಟ. ಈ ಸೂತ್ರದ ಪ್ರಕಾರ ಊರೊಳಗೆ ಹತ್ತೂವರೆ ಡಿಬಿಗಿಂತ ಜಾಸ್ತಿ. ಕಂಟ್ರೋಲ್ ರೂಮಿನವರು ಎತ್ತರದ ಟವರ್ ಯಾಕೆ ಬೇಕು ಅನ್ನುತ್ತಾರೆ ಅನ್ನುವುದೂ ಅದೇ ಸೂತ್ರದಲ್ಲಿ ಕಾಣುತ್ತದೆ.

ಆದರೆ ಒಕುಮುರಾ ಅಳೆದದ್ದು ಬೀದಿ. ನನ್ನ ಸೆಕ್ಯುರಿಟಿ ಅಣ್ಣ ನಿಂತಿರುವುದು ಬೇಸ್‌ಮೆಂಟಿನಲ್ಲಿ.

ಅಕ್ಟೋಬರ್ 5

ಇವತ್ತು ಬೆಳಗ್ಗೆಯಿಂದ ಸಂಜೆವರೆಗೂ ನಮ್ಮದೇ ಅಪಾರ್ಟ್‌ಮೆಂಟು. ನೆಲಮಹಡಿ, ಮೇಲೆ ಆರು, ಕೆಳಗೆ ಎರಡು ಬೇಸ್‌ಮೆಂಟು. ಅಸೋಸಿಯೇಷನ್ನಿಗೆ ಪತ್ರ ಕೊಟ್ಟು ಒಪ್ಪಿಗೆ ಪಡೆದಿದ್ದೆ. ರಿಸೀವರನ್ನು ಗೇಟಿನ ಹೊರಗೆ ಇಟ್ಟೆ, ಫೈರ್ ಇಂಜಿನ್ ಬಂದು ನಿಲ್ಲುವ ಜಾಗದಲ್ಲಿ. ಗೆಳೆಯ ಬೀಕನ್ ಹಿಡಿದು ಒಳಗೆ ನಡೆಯುತ್ತಾನೆ, ನಾನು ಹೊರಗೆ ಕೂತು ಬರೆದುಕೊಳ್ಳುತ್ತೇನೆ.

ಈ ಉಪಾಯ ನನ್ನದಲ್ಲ. ಅಳತೆ, ಮಾನದಂಡಗಳನ್ನು ನೋಡಿಕೊಳ್ಳುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯವರು 2004ರ ಸುಮಾರಿಗೆ ಇದನ್ನೇ ಮಾಡಿದರು, ಆದರೆ ಒಡೆದುರುಳಿಸಲು ಹೊರಟ ಕಟ್ಟಡಗಳಲ್ಲಿ! ಫಿಲಡೆಲ್ಫಿಯಾದ ವೆಟರನ್ಸ್ ಸ್ಟೇಡಿಯಂ, ವಾಷಿಂಗ್ಟನ್ನಿನ ಹಳೇ ಕನ್ವೆನ್ಷನ್ ಸೆಂಟರ್. ಮೊದಲು ಟ್ರಾನ್ಸ್‌ಮಿಟರ್ ಹಿಡಿದು ಒಳಗೆಲ್ಲ ನಡೆದು ಅಳೆದರು. ಆಮೇಲೆ ಟ್ರಾನ್ಸ್‌ಮಿಟರುಗಳನ್ನು ಒಳಗೇ ಬಿಟ್ಟು, ಕಟ್ಟಡ ಕುಸಿಯುವಾಗಲೂ ಕುಸಿದ ಮೇಲೂ ಹೊರಗಿನಿಂದ ಕೇಳಿದರು. ಅವಶೇಷದಡಿ ಸಿಕ್ಕಿದವನ ಸೆಟ್ಟು ಹೊರಗೆ ಕೇಳುತ್ತದಾ ಅನ್ನುವುದು ಅವರ ಪ್ರಶ್ನೆ. ನಮ್ಮ ಸೆಕ್ರೆಟರಿಗೆ ಈ ಕಥೆ ಹೇಳಿದಾಗ, "ನೀವು ಬರೀ ಅಳೀತೀರಿ ತಾನೇ?" ಅಂತ ಎರಡು ಸಲ ಕೇಳಿದರು.

ನಮ್ಮ ಬೀದಿಯಲ್ಲಿ ವೈರ್‌ಲೆಸ್ ವಿಭಾಗದಿಂದ ನಿವೃತ್ತರಾದ ಒಬ್ಬರು ಇದ್ದಾರೆ. ಎಲ್ಲರೂ ಅವರನ್ನು ಸರ್ ಅಂತಲೇ ಕರೆಯುವುದು. ಲ್ಯಾಪ್‌ಟಾಪ್ ನೋಡಿ ಕುರ್ಚಿ ಎಳೆದುಕೊಂಡು ಕೂತರು.

ಗೇಟಿನ ಎದುರು 10 ಮೀಟರ್ ಬಯಲಲ್ಲಿ ಸಿಕ್ಕ ಓದನ್ನು ಸೊನ್ನೆ ಅಂತ ಇಟ್ಟುಕೊಂಡೆ. ಲಾಬಿಯಲ್ಲಿ 15 ಡಿಬಿ ಕಡಿಮೆ. ಮೂರನೇ ಮಹಡಿಯ ಬಾಲ್ಕನಿಯಲ್ಲಿ 19. ಅದೇ ಮಹಡಿಯ ಒಳ ಕಾರಿಡಾರಿಗೆ ಬಂದರೆ 37. ಲಿಫ್ಟ್ ಬಾಗಿಲು ಮುಚ್ಚಿದ ತಕ್ಷಣ ಇನ್ನೂ ಹದಿನೈದು ಹೋಯಿತು. ಲಿಫ್ಟ್ ಅಂದರೆ ಉಕ್ಕಿನ ಡಬ್ಬಿ ತಾನೇ. ಬೇಸ್‌ಮೆಂಟ್ ಒಂದರಲ್ಲಿ 46. ಬೇಸ್‌ಮೆಂಟ್ ಎರಡರಲ್ಲಿ 145 ಮೆಗಾಹರ್ಟ್ಸ್ 71, 435 ಮೆಗಾಹರ್ಟ್ಸ್ 63.

ಇಲ್ಲಿ ನಿಂತು ಸ್ವಲ್ಪ ಯೋಚಿಸಿದೆ. ಮಲ್ಲೇಶ್ವರದ ಮೂಲೆಯಲ್ಲಿ ಗೆದ್ದದ್ದು ಉದ್ದದ ಅಲೆ. ಕೆಳಗೆ ಗೆದ್ದದ್ದು ಗಿಡ್ಡ ಅಲೆ. ಯಾಕೆ? ಕಾರಿಳಿಯುವ ರ‍್ಯಾಂಪು ಒಂದು ಸುರಂಗದ ಹಾಗೆ. ಕಾಂಕ್ರೀಟಿನ ಸುರಂಗದಲ್ಲಿ ಅಲೆ ಉದ್ದವಾದಷ್ಟೂ ಗೋಡೆ ಅದನ್ನು ಜಾಸ್ತಿ ನುಂಗುತ್ತದೆ. ಸುರಂಗದ ಲೆಕ್ಕದ ಪ್ರಕಾರ ನಷ್ಟ ಅಲೆಯ ಉದ್ದದ ವರ್ಗಕ್ಕೆ ತಕ್ಕ ಹಾಗೆ. ಅಂದರೆ ಮೂರು ಪಟ್ಟು ಉದ್ದಕ್ಕೆ ಮೀಟರಿಗೆ ಒಂಬತ್ತು ಪಟ್ಟು ನಷ್ಟ. ಇನ್ನೊಂದು ಕಾರಣವೂ ಇದೆ, ಅದನ್ನು ಮುಚ್ಚಿಡಬಾರದು. ಹ್ಯಾಂಡಿಯ ಗೇಣುದ್ದದ ರಬ್ಬರ್ ಡಕ್ ಆಂಟೆನಾ 2 ಮೀಟರ್ ಅಲೆಗೆ ತೀರಾ ಗಿಡ್ಡ. ಆದರೆ ಆ ಕೊರತೆ ಬಯಲಲ್ಲಿ ಸೊನ್ನೆ ಇಟ್ಟುಕೊಂಡಾಗಲೇ ಬಹುಪಾಲು ಕಳೆದುಹೋಗಿರುತ್ತದೆ. ನಿಜವಾಗಿ ಮಾತಾಡುವಾಗ 145ರ ಸ್ಥಿತಿ ಈ ಅಂಕಿ ಹೇಳುವುದಕ್ಕಿಂತಲೂ ಕೆಟ್ಟದು.

ಆಮೇಲೆ ನಡೆದದ್ದೇ ಇವತ್ತಿನ ಮುಖ್ಯ ಪಾಠ. ಬಿ2ರಲ್ಲಿ ಗೆಳೆಯ ಒಂದು ಕಂಬದ ಪಕ್ಕ ನಿಂತಿದ್ದ. 435ರಲ್ಲಿ ಸಿಗ್ನಲ್ ಪೂರ್ತಿ ಮಾಯ. ಬೀಕನ್ ಕೆಟ್ಟಿತು ಅಂದುಕೊಂಡು ಒಬ್ಬ ಹುಡುಗನನ್ನು ಕಳಿಸಿದೆ. ಅವನು ಹೋಗಿ ಮಾತಾಡಿಸಿದ್ದಕ್ಕೆ ಗೆಳೆಯ ಅವನ ಕಡೆ ತಿರುಗಿ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದ, ಅಷ್ಟೇ. ಸಿಗ್ನಲ್ 20 ಡಿಬಿಗೂ ಮೇಲೆ ನೆಗೆದು ಬಂತು. ಕಂಬ, ಕಾರು, ಚಾವಣಿ, ಎಲ್ಲದಕ್ಕೂ ಬಡಿದು ಬರುವ ಅಲೆಗಳು ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಅಂಥ ಕುರುಡು ಚುಕ್ಕೆಗಳು ಸುಮಾರು ಅರ್ಧ ಅಲೆಗೊಂದು ಬರುತ್ತವೆ. 435ರಲ್ಲಿ ಅದು ಒಂದಡಿಗಿಂತ ಚೂರು ಜಾಸ್ತಿ. 145ರಲ್ಲಾದರೆ ಒಂದು ಮೀಟರ್.

ಸರ್ ನಕ್ಕರು. "ನಾವು ಹೊಸ ಹುಡುಗರಿಗೆ ಮೊದಲು ಹೇಳಿಕೊಡ್ತಿದ್ದದ್ದೇ ಇದು ಕಣಯ್ಯಾ. ಸೆಟ್ ಬ್ರೇಕ್ ಆದ್ರೆ ಕೂಗಾಡಬೇಡ, ಒಂದು ಹೆಜ್ಜೆ ಸರಿದು ಮತ್ತೆ ಒತ್ತು. ಅದೂ ಆಗದಿದ್ರೆ ಕಿಟಕಿ ಹತ್ರ ಹೋಗು. ಅದೂ ಆಗದಿದ್ರೆ ಮೆಟ್ಟಿಲಲ್ಲಿ ಒಬ್ಬನ್ನ ನಿಲ್ಲಿಸು." ನಾನು ಎರಡು ತಿಂಗಳು ಲ್ಯಾಪ್‌ಟಾಪ್ ಹೊತ್ತು ಕಂಡುಕೊಂಡದ್ದನ್ನು ಅವರು ಮೂರು ವಾಕ್ಯದಲ್ಲಿ ಮುಗಿಸಿದರು.

ಮೂರನ್ನೂ ಪರೀಕ್ಷೆ ಮಾಡಲೇಬೇಕಲ್ವಾ.

ಕಿಟಕಿಯ ಕಥೆ ಮಜವಾಗಿದೆ. ನಮ್ಮ ಕಡೆ ಕಿಟಕಿ ಅಂದರೆ ಸರಳು ಇರಲೇಬೇಕು. ಬೆಡ್‌ರೂಮಿನ ಕಿಟಕಿಗೆ ಉದ್ದುದ್ದ ಸರಳು, ಅಡುಗೆಮನೆಯದಕ್ಕೆ ಅಡ್ಡಡ್ಡ. ಹ್ಯಾಂಡಿಯನ್ನು ನೆಟ್ಟಗೆ ಹಿಡಿದರೆ ಅಲೆಯೂ ನೆಟ್ಟಗೆ ನಿಂತು ಹೋಗುತ್ತದೆ. ನೆಟ್ಟಗಿನ ಸರಳು ಅದನ್ನು ತಡೆಯುತ್ತದೆ, ಅಡ್ಡ ಸರಳು ಬಿಡುತ್ತದೆ. ಅಡುಗೆಮನೆಯಿಂದ 6 ಡಿಬಿ ಜಾಸ್ತಿ ಬಂತು. ಆದರೆ ಕಿಟಕಿಯೇ ಬೇರೆ, ಹೋಲಿಕೆ ಸರಿಯಲ್ಲ ಅನ್ನಿಸಿ ಬೆಡ್‌ರೂಮಿನ ಕಿಟಕಿಯಲ್ಲೇ ಹ್ಯಾಂಡಿ ಮಲಗಿಸಿ ಹಿಡಿಸಿದೆ, ಹೊರಗಿನ ಆಂಟೆನಾವನ್ನೂ ಮಲಗಿಸಿದೆ. 435ರಲ್ಲಿ 5 ಡಿಬಿ ಏರಿತು. 145ರಲ್ಲಿ ಒಂದೊಂದು ಸಲ ಒಂದೊಂದು ಉತ್ತರ ಬಂತು, ಅದನ್ನು ಬರೆಯುವುದಿಲ್ಲ. ಇನ್ನು ಲೋಹದ ಲೇಪ ಇರುವ ಮಿರಮಿರ ಗಾಜಿನ ಕಟ್ಟಡಗಳಲ್ಲಿ ಕಿಟಕಿಯೇ ಗೋಡೆಗಿಂತ ಕಷ್ಟ. ಆ ಲೇಪ 20, 30 ಡಿಬಿಯನ್ನು ಸಲೀಸಾಗಿ ತಿಂದುಹಾಕುತ್ತದೆ.

ಸೆಟ್ಟನ್ನು ಎಲ್ಲಿ ಇಟ್ಟುಕೊಳ್ಳುತ್ತೇವೆ ಅನ್ನುವುದೂ ಸಣ್ಣ ವಿಷಯ ಅಲ್ಲ. ಬಾಯಿ ಹತ್ತಿರ ಹಿಡಿದ ಹ್ಯಾಂಡಿಗೂ ಬೆಲ್ಟಿಗೆ ಸಿಕ್ಕಿಸಿದ್ದಕ್ಕೂ 145ರಲ್ಲಿ 10 ಡಿಬಿ ವ್ಯತ್ಯಾಸ ಸಿಕ್ಕಿತು. ಅಂದರೆ ಸೊಂಟಕ್ಕೆ ಸಿಕ್ಕಿಸಿ ಭುಜದ ಮೈಕಿನಲ್ಲಿ ಮಾತಾಡಿದರೆ 5 ವ್ಯಾಟ್ ಅರ್ಧ ವ್ಯಾಟಾಗುತ್ತದೆ. ಹೊಗೆಯಲ್ಲಿ ತೆವಳುವವನಿಗೆ ಬೇರೆ ದಾರಿಯೂ ಇಲ್ಲ, ಕೈ ತುಂಬ ಪೈಪು, ಬೆನ್ನ ಮೇಲೆ ಗಾಳಿ ಸಿಲಿಂಡರು.

ಕೊನೆಗೆ ಮೆಟ್ಟಿಲು. ಬಿ1ರಿಂದ ನೆಲಮಹಡಿಗೆ ಬರುವ ಮೆಟ್ಟಿಲು ಅರ್ಧದಲ್ಲಿ ತಿರುಗುತ್ತದೆ. ಆ ತಿರುವಿನಲ್ಲಿ ನಿಂತರೆ ಬಿ2 ಕೂಡ ಕೇಳುತ್ತದೆ, ಗೇಟೂ ಕೇಳುತ್ತದೆ. ನಾಲ್ಕು ಮೆಟ್ಟಿಲು ಕೆಳಗಿಳಿದರೆ ಗೇಟು ಹೋಯಿತು, ನಾಲ್ಕು ಮೆಟ್ಟಿಲು ಹತ್ತಿದರೆ ಬಿ2 ಹೋಯಿತು. ಇಡೀ ಕಟ್ಟಡದಲ್ಲಿ ಎರಡೂ ಲೋಕ ಕೂಡುವ ಜಾಗ ಆ ನಾಲ್ಕಡಿ ಚೌಕ ಮಾತ್ರ. ಸರ್ ಮಂಡಿನೋವಿದ್ದರೂ ಇಳಿದು ಬಂದು ನೋಡಿ ಹೋದರು.

ಅಕ್ಟೋಬರ್ 21

ದೀಪಾವಳಿ. ಅಳತೆಗೆ ರಜೆ ಅಂದುಕೊಂಡಿದ್ದೆ. ಸುಮ್ನೆ ಡಾಂಗಲ್ ಹಾಕಿ ನೋಡಿದರೆ 145ರಲ್ಲಿ ಗದ್ದಲದ ಮಟ್ಟವೇ 8 ಡಿಬಿ ಮೇಲೆ ಕೂತಿದೆ. ಎದುರು ಮನೆಯ ಅಗ್ಗದ ಸೀರಿಯಲ್ ಸೆಟ್ ಲೈಟು. ಅವರು ಊಟಕ್ಕೆ ಕೂತಾಗ ಆರಿಸಿದರು, ಗದ್ದಲವೂ ಇಳಿಯಿತು. ಊರಿನಲ್ಲಿ ಸಿಗ್ನಲ್ ಸೋಲುವುದು ಗೋಡೆಗೆ ಮಾತ್ರ ಅಲ್ಲ. ಕೇಳುವವನ ಪಕ್ಕದಲ್ಲೇ ಇರುವ ಎಲ್‌ಇಡಿ, ಚಾರ್ಜರು, ಇನ್ವರ್ಟರುಗಳ ಗಲಾಟೆಗೂ ಸೋಲುತ್ತದೆ. ಹಬ್ಬದ ದಿನ ಹೋಗಿ ಲೈಟು ಆರಿಸಿ ಅನ್ನಲು ಬಾಯಿ ಬರಲಿಲ್ಲ.

ನವೆಂಬರ್ 9

ಮನುಷ್ಯನ ಬದಲು ಮೆಟ್ಟಿಲಲ್ಲಿ ಯಂತ್ರ ನಿಲ್ಲಿಸಿದರೆ?

ಮೊದಲು ಬಡವರ ಉಪಾಯ. ರ‍್ಯಾಂಪಿನ ಬಾಯಲ್ಲಿ ಒಂದು ಆಂಟೆನಾ, ಬಿ2ರಲ್ಲಿ ಇನ್ನೊಂದು, ಮಧ್ಯೆ 20 ಮೀಟರ್ ಕೋಆಕ್ಸ್ ಕೇಬಲ್. ಕರೆಂಟೂ ಬೇಡ, ಆಂಪ್ಲಿಫೈಯರೂ ಬೇಡ. ಕೆಲಸ ಮಾಡಿತು! ಆದರೆ ಕೆಳಗಿನ ಆಂಟೆನಾದಿಂದ ಮೂರು ನಾಲ್ಕು ಹೆಜ್ಜೆಯವರೆಗೆ ಮಾತ್ರ. ಅದರಾಚೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸುರಂಗಗಳಲ್ಲಿ ದೊಡ್ಡವರು ಹಾಕುವುದು ಲೀಕಿ ಫೀಡರ್. ಹೊರಕವಚದಲ್ಲಿ ಸಾಲಾಗಿ ಸೀಳು ಬಿಟ್ಟ ಕೇಬಲ್ಲು, ತೂತಿರುವ ನೀರಿನ ಪೈಪಿನ ಹಾಗೆ ಉದ್ದಕ್ಕೂ ಸಿಗ್ನಲ್ ಸೋರುತ್ತದೆ. ಅದರ ಬೆಲೆ ನಮ್ಮ ಅಸೋಸಿಯೇಷನ್ನಿಗೆ ಹೇಳಿದರೆ ನನ್ನನ್ನೇ ಬಿ2ರಲ್ಲಿ ನಿಲ್ಲಿಸುತ್ತಾರೆ.

ಆಮೇಲೆ ಕ್ರಾಸ್‌ಬ್ಯಾಂಡ್. ಗೆಳೆಯನ ಕಾರಿನ ಡ್ಯುಯಲ್ ಬ್ಯಾಂಡ್ ಸೆಟ್ ಬಿಚ್ಚಿ, ಬ್ಯಾಟರಿ ಸಮೇತ ಆ ತಿರುವಿನಲ್ಲಿ ಇಟ್ಟೆವು. ಬಿ2ರಿಂದ 435ರಲ್ಲಿ ಹೇಳಿದ್ದನ್ನು ಅದು 145ರಲ್ಲಿ ಗೇಟಿಗೆ ಹೇಳುತ್ತದೆ, ಗೇಟಿನ ಮಾತನ್ನು ಕೆಳಗೆ ಕಳಿಸುತ್ತದೆ. ಬಿ2ರ ಮೂಲೆ ಮೂಲೆಯಿಂದಲೂ ಗೆಳೆಯನ ದನಿ ಪಕ್ಕದಲ್ಲೇ ನಿಂತ ಹಾಗೆ ಕೇಳಿತು. ನಲವತ್ತು ನಿಮಿಷಕ್ಕೆ ಸೆಟ್ಟು ಮುಟ್ಟಲಾಗದಷ್ಟು ಕಾದಿತು. ಆಫ್ ಮಾಡಿದೆವು. ಒಂದು ಫ್ಯಾನ್ ಬೇಕು.

ಯಂತ್ರ ಇಟ್ಟರೆ ಇನ್ನೊಂದು ತಲೆನೋವು: ಅದು ಆನ್ ಆಗಿದೆಯಾ ಅಂತ ಯಾರು ನೋಡುತ್ತಾರೆ? ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ 1993ರ ಬಾಂಬ್ ಸ್ಫೋಟದ ಆಮೇಲೆ ಅಗ್ನಿಶಾಮಕದವರಿಗೆ ಅಂತಲೇ ರಿಪೀಟರ್ (ಕೇಳಿದ್ದನ್ನು ಜೋರಾಗಿ ಮತ್ತೆ ಕಳಿಸುವ ಯಂತ್ರ) ಹಾಕಿದ್ದರು. 2001ರ ಸೆಪ್ಟೆಂಬರ್ 11ರಂದು ಉತ್ತರ ಟವರಿನ ಲಾಬಿಯಲ್ಲಿ ಅಧಿಕಾರಿಗಳು ಅದನ್ನು ಪರೀಕ್ಷಿಸಿ, ಕೆಲಸ ಮಾಡುತ್ತಿಲ್ಲ ಅಂದುಕೊಂಡು ಕೈಬಿಟ್ಟರು. ಒತ್ತಬೇಕಿದ್ದ ಎರಡು ಬಟನ್‌ಗಳಲ್ಲಿ ಒಂದು ಒತ್ತಿರಲಿಲ್ಲ ಅಂತ ಆಮೇಲೆ ವಿಚಾರಣಾ ಆಯೋಗ ಹೇಳಿತು. ದಕ್ಷಿಣ ಟವರಿನಲ್ಲಿ ಮೇಲೆ ಹತ್ತಿದವರು ಅದೇ ರಿಪೀಟರಿನಲ್ಲಿ ಮಾತಾಡಿದ್ದರು. ಅವತ್ತು ಸತ್ತ ಅಗ್ನಿಶಾಮಕ ಸಿಬ್ಬಂದಿ 343. ಎಲ್ಲ ಸಾವನ್ನೂ ಒಂದು ಬಟನ್ ತಲೆಗೆ ಕಟ್ಟುವುದು ತಪ್ಪು. ಆದರೂ ಕ್ರಾಸ್‌ಬ್ಯಾಂಡ್ ಸೆಟ್ಟಿನ ಎದುರು ಕೂತಾಗ ಆ ಬಟನ್ ನೆನಪಾಗುತ್ತದೆ. ನಾನು ನನ್ನ ಸೆಟ್ಟಿಗೆ ಒಂದು ಕೆಂಪು ದೀಪ ಹಾಕಿದ್ದೇನೆ, ದೂರದಿಂದಲೇ ಕಾಣುವಂಥದ್ದು.

ಅಮೆರಿಕದ ಮಾದರಿ ಅಗ್ನಿ ನಿಯಮದ ಹಿಂದಿನ ಆವೃತ್ತಿಗಳಲ್ಲಿ ಇದಕ್ಕೊಂದು ಅಳತೆಗೋಲೇ ಇತ್ತು: ಪ್ರತಿ ಮಹಡಿಯ 95% ಜಾಗದಲ್ಲಿ ಸಿಗ್ನಲ್ ಕನಿಷ್ಠ ಮೈನಸ್ 95 ಡಿಬಿಎಂ (ಒಂದು ಮಿಲಿವ್ಯಾಟಿಗೆ ಹೋಲಿಸಿದ ಡೆಸಿಬೆಲ್) ಇರಬೇಕು. ನಮ್ಮ ಹ್ಯಾಮ್ ಭಾಷೆಯಲ್ಲಿ ಜೋರು ಸಿಗ್ನಲ್ಲಿಗೆ ಎಸ್9 ಅನ್ನುತ್ತೇವೆ, ವಿಎಚ್‌ಎಫ್‌ನಲ್ಲಿ (145ರಂಥ ಬ್ಯಾಂಡಿನಲ್ಲಿ) ಅದು ಮೈನಸ್ 93. ಅಂದರೆ ಹೆಚ್ಚುಕಡಿಮೆ ಎಸ್9. ನಮ್ಮ ಬಿ2ಗೆ ಇದನ್ನು ಹಚ್ಚಿ ನೋಡಲು ಡಾಂಗಲ್ ಕ್ಯಾಲಿಬ್ರೇಟ್ ಮಾಡಬೇಕು. ಒಬ್ಬ ಗೆಳೆಯನ ಹತ್ತಿರ ಸಿಗ್ನಲ್ ಜನರೇಟರ್ ಇದೆ, ಡಿಸೆಂಬರಿನಲ್ಲಿ ಕೊಡುತ್ತೇನೆ ಅಂದಿದ್ದಾನೆ.

ನವೆಂಬರ್ 30

ಇವತ್ತು ಮತ್ತೆ ಮಾಕ್ ಡ್ರಿಲ್. ನಮ್ಮ ಹ್ಯಾಮ್ ಸೆಟ್ಟನ್ನು ಸೆಕ್ಯುರಿಟಿಯವರ ಕೈಗೆ ಕೊಡುವ ಹಾಗಿಲ್ಲ, ಅವರಿಗೆ ಲೈಸೆನ್ಸ್ ಇಲ್ಲ. ಹಾಗಾಗಿ ಅವರ ವಾಕಿ-ಟಾಕಿಯಲ್ಲೇ ಸರ್ ಹೇಳಿದ ಉಪಾಯ. ತಿರುವಿನಲ್ಲಿ ಒಬ್ಬ ನಿಂತ, ಕೆಳಗಿನ ಮಾತನ್ನು ಮೇಲೆ ಹೇಳಿದ, ಮೇಲಿನದ್ದನ್ನು ಕೆಳಗೆ. ಹಳೇ ಸೆಕ್ಯುರಿಟಿ ಅಣ್ಣನೇ ಬಿ2ರಲ್ಲಿ. ಡ್ರಿಲ್ ಮುಗಿಯಿತು ಅಂದ ಎರಡೇ ನಿಮಿಷಕ್ಕೆ ಮೇಲೆ ಬಂದು ಎಲ್ಲರಿಗಿಂತ ಮೊದಲು ಕಾಫಿ ತಗೊಂಡ.

ಸೆಕ್ರೆಟರಿಗೆ ಖುಷಿಯಾಗಿ, ಪೇಂಟರನ್ನು ಕರೆಸಿ ಆ ನಾಲ್ಕಡಿ ಚೌಕಕ್ಕೆ ಹಳದಿ ಬಣ್ಣ ಬಳಿಸಿದರು. "ಇಲ್ಲಿ ನಿಂತು ಮಾತಾಡಿ" ಅಂತ ಮೇಲೆ ಬರಹ. ಸಂಜೆ ಫೋಟೋ ತೆಗೆಯೋಣ ಅಂತ ಇಳಿದು ಹೋದೆ. ಯಾರೋ ಅದರ ಮೇಲೆ ಮಗುವಿನ ಸೈಕಲ್ಲು, ಎರಡು ಪೇಂಟ್ ಡಬ್ಬ, ಒಂದು ಹಳೇ ಕೂಲರ್ ತಂದಿಟ್ಟಿದ್ದರು.